ಲಂಟಾನದ ಬುಡದ ಬಾಣಂತಿ

ಇವತ್ತು ಬೆಳಿಗ್ಗೆ ಹಿತ್ತಲಿನ ಲಂಟಾನ ಕಡಿಸಲು ಆಳು ಕರೆಸಿದ್ದೆ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಚಪ್ಪರ ಆಗಬೇಕಲ್ಲ. ಹೌದು, ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹಾಲಿನವನಿಗೆ ಎರಡು ಸಲ ಹೇಳಿಯಾಗಿದೆ, ನಿಮಗೂ ಹೇಳಿಬಿಟ್ಟೆ. ಮೊದಲ ರೆಂಬೆ ಕಡಿದಾಗ ಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ತವರಿನ ಪಕ್ಕದ ಮನೆಯ ದೊಡ್ಡವ್ವ ಎದುರಿಗೆ ಬಂದು ಕೂತಂತಾಯಿತು…

ತೊಂಬತ್ತರ ದಶಕ. ಈ ಕೂಸಿನ ತಾಯಿಯನ್ನು ಹೆತ್ತು ನಾನು ಕಟ್ಟೆಮಳಲವಾಡಿಯ ತವರಿನಲ್ಲಿದ್ದೆ. ಕಿವಿಗೆ ಬಟ್ಟೆ ಕಟ್ಟಿಕೊಂಡು, ಮೆಣಸಿನ ಸಾರು ಉಂಡು, ಕಿಟಕಿಯಿಂದ ಹಿತ್ತಲು ನೋಡುವುದಷ್ಟೇ ನನ್ನ ಕೆಲಸ. ಅಪ್ಪ ಇದೇ ಶಾಸ್ತ್ರದ ಚಪ್ಪರಕ್ಕೆಂದು ಲಂಟಾನ ಕಡಿಯುತ್ತಿದ್ದಾಗ ಪೊದೆಯ ಬುಡದಲ್ಲೊಂದು ಬಿಲ ಕಂಡಿತು, ಪಕ್ಕದಲ್ಲಿ ಕಪ್ಪು ಬಿಳುಪಿನ ಮುಳ್ಳುಗಳು. ಮುಳ್ಳುಹಂದಿ! ಚಿಕ್ಕಪ್ಪನ ಬಾಯಲ್ಲಿ ನೀರೂರಿತು. ಹೊಗೆ ಹಾಕಿ ಹೊರಗೆ ಅಟ್ಟೋಣ, ಬೀಗರಿಗೆ ಸಾರೂ ಆಯಿತು ಎಂದು ಹುಲ್ಲು ತಂದೇಬಿಟ್ಟ.

ಅಷ್ಟರಲ್ಲಿ ದೊಡ್ಡವ್ವ ಬೇಲಿ ದಾಟಿ ಬಂದಳು. ನೆಲಕ್ಕೆ ಕಿವಿಯಿಟ್ಟು ಆಲಿಸಿದಳು. ಒಳಗೆ ಮರಿ ಸದ್ದು ಮಾಡುತ್ತಿತ್ತಂತೆ. ಬಿಲದ ಮುಂದೆ ಮಣೆ ಹಾಕಿಕೊಂಡು ಕೂತಳು.

"ಒಳಗಿರೋಳು ಬಾಣಂತಿ ಕಣ್ಲಾ. ಆ ಒಗೆ ಮೊದ್ಲು ನಿನ್ ಮಗಳ ರೂಮಿಗೆ ಆಕು, ಆಮೇಲೆ ಇಲ್ಲಿಗೆ ತಗಂಬಾ" ಎಂದಳು ಅಪ್ಪನಿಗೆ.

ಅಪ್ಪ ಕಿಟಕಿಯತ್ತ ನೋಡಿದ. ನಾನು ಕೂಸನ್ನು ಎತ್ತಿ ತೋರಿಸಿದೆ. ಮಚ್ಚು ಕೆಳಗಿಳಿಯಿತು. ಚಪ್ಪರ ಪೊದೆಯನ್ನು ನಡುವೆ ಬಿಟ್ಟು ಸೊಟ್ಟಗೆ ಎದ್ದಿತು. ಅರ್ಧ ಬೀಗರು ಇನ್ನರ್ಧ ಬೀಗರ ಮುಖ ಕಾಣದೆ ಉಂಡೆದ್ದರು.

ಅಲ್ಲಿಂದ ದೊಡ್ಡವ್ವನ ಲೆಕ್ಕಕ್ಕೆ ನಾವು ಇಬ್ಬರು ಬಾಣಂತಿಯರು. ಪೊದೆಯ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ, ಒಗ್ಗರಣೆ ಘಾಟೂ ಹೋಗುವಂತಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಅವಳದೇ ಗೆಣಸಿನ ಮಡಿ ಪೂರಾ ಅಗೆದು ಬಿದ್ದಿತ್ತು. ನಿನ್ನ ಬಾಣಂತಿಯ ಕೆಲಸ ನೋಡು ಎಂದು ಚಿಕ್ಕಪ್ಪ ಹಲ್ಲು ಕಿರಿದ. ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟು ಪೊದೆಯ ಮುಂದೆ ನಿಂತಳು. ಬೈಗುಳ ಕೇಳಲೆಂದು ನಾನು ಕಿವಿಯ ಬಟ್ಟೆ ಸಡಿಲ ಮಾಡಿಕೊಂಡೆ.

"ಅಲ್ಲ ಕಣವ್ವ, ಅಸೀ ಬಾಣಂತಿ, ಗೆಣಸು ತಿಂದ್ಯಲ್ಲ… ಕೂಸಿಗೆ ವಾಯು ಆಗಲ್ವಾ?"

ಕದ್ದದ್ದಲ್ಲ, ಪಥ್ಯ ಮುರಿದದ್ದು ಅವಳ ಸಂಕಟ. ಆಮೇಲೆ ಮರಿಗೆ ಏನಾಯಿತೋ ಎಂದು ದಿನಾ ಸಂಜೆ ಪೊದೆ ಕಾಯ್ದಳು. ಕೊನೆಗೊಂದು ಮುಸ್ಸಂಜೆ ತಾಯಿ, ಮರಿ ಎರಡೂ ಗುಂಡಗುಂಡಗೆ ಹೊರಬಂದು ನಡೆದು ಹೋದವು. ಮಾರನೆಯ ದಿನ ನನ್ನ ಕಿಟಕಿಯ ಸರಳುಗಳ ನಡುವಿನಿಂದ ಸೆರಗಿನಲ್ಲಿ ಸುತ್ತಿದ ಬಿಸಿಬಿಸಿ ಸುಟ್ಟ ಗೆಣಸು ತೂರಿ ಬಂತು.

"ಅವಳ್ಗೇನೂ ಆಗ್ಲಿಲ್ಲ ಕಣ್ಮಗ. ನೀನೂ ತಿನ್ನು. ನಿಮ್ಮವ್ವಂಗೆ ಏಳ್ಬೇಡ."

ಅಂಥ ಗೆಣಸು ಆಮೇಲೆ ನನಗೆ ಸಿಕ್ಕಿಲ್ಲ…

ದೊಡ್ಡವ್ವ ಹೋಗಿ ಎಷ್ಟೋ ವರ್ಷವಾಯಿತು. ಇವತ್ತು ಆಳಿನ ಕೈ ತಡೆದು, ನಾನೂ ಪೊದೆಯ ಬುಡಕ್ಕೆ ಕಿವಿಯಿಟ್ಟೆ. ಸೊಂಟ ಹಿಡಿಯಿತು. ಒಳಗೆ ಯಾರೂ ಇರಲಿಲ್ಲ. ಕಡಿಯಪ್ಪ ಎಂದು ಹೇಳಿ ಬಂದು, ಒಲೆಯ ಕೆಂಡದಲ್ಲಿ ಒಂದು ಗೆಣಸು ಹೂತಿಟ್ಟೆ. ಒಳಗಿನ ಕೋಣೆಯಲ್ಲಿ ಮಗಳು ಮೆಣಸಿನ ಸಾರಿಗೆ ಮುಖ ಕಿವುಚುತ್ತಿದ್ದಳು. ಕಿಟಕಿಯಾಚೆ ನಿಂತು ಕೊಡಲು ದೊಡ್ಡವ್ವ ಇಲ್ಲ. ನಾನೇ ಹಿತ್ತಲು ಸುತ್ತಿಕೊಂಡು ಹೋಗಬೇಕು.