ತಿರುಗಿ ನೋಡಿದ ಅಂಬಿಗ

ದೆವ್ವ, ಶಕುನ, ಮುನ್ಸೂಚನೆ ಯಾವುದನ್ನೂ ನಾನು ನಂಬಿದವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇವುಗಳ ವಿರುದ್ಧ ಮಾತಾಡಿ ಕಪ್ ಗೆದ್ದಿದ್ದೇನೆ. ಈಗಲೂ ನಂಬುವುದಿಲ್ಲ. ಆದರೂ ಇದನ್ನು ನಿಮಗೆ ಹೇಳಬೇಕು, ಏಕೆಂದರೆ ಇದಕ್ಕೆ ನಾನೇ ಸಾಕ್ಷಿ.

ತೊಂಬತ್ತೊಂಬತ್ತೋ ಎರಡು ಸಾವಿರವೋ ಇರಬೇಕು. ಚೆನ್ನೈನ ಪೋರೂರಿನಲ್ಲಿದ್ದ ನಮ್ಮ ಮನೆಯ ಮಹಡಿಯನ್ನು ಆಸ್ಪತ್ರೆಗೆಂದು ಬರುವವರಿಗೆ ಬಿಟ್ಟುಕೊಡುತ್ತಿದ್ದೆವು. ಢಾಕಾದ ರೆಹಾನಾ ದೀದಿ ಬಂದದ್ದು ಗಂಡನ ಹೃದಯದ ಆಪರೇಷನ್ನಿಗೆ. ಆಪರೇಷನ್ನಿನ ದಿನ ಆಸ್ಪತ್ರೆಯಲ್ಲಿ ಒಬ್ಬರಿಗೇ ಪಾಸು. ಜೊತೆಗೆ ಬಂದಿದ್ದ ಮೈದುನ ಅಲ್ಲಿ ಕೂತ, ದೀದಿ ನಮ್ಮ ಫೋನಿನ ಪಕ್ಕ ಕೂತರು. ಮಧ್ಯಾಹ್ನ, ಹೊತ್ತು ಹೋಗಲೆಂದು ಒಂದು ವಿಡಿಯೊ ಕ್ಯಾಸೆಟ್ ತಂದರು. ಅವರೂರಿನ ಒಬ್ಬ ನಿರ್ದೇಶಕ, ಹೆಸರು ಮಾಡುವ ಮೊದಲು, ಟೀವಿಗೆಂದು ತೆಗೆದ ಸಿನಿಮಾ. ಒಂದೇ ಸಲ ಪ್ರಸಾರವಾಯಿತಂತೆ. ಅದರಲ್ಲಿ ಗಂಡ ಅಂಬಿಗನ ಪಾತ್ರ ಮಾಡಿದ್ದರಿಂದ ದೀದಿ ಆಗಲೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು.

ಕೊನೆಯ ದೃಶ್ಯದಲ್ಲಿ ಅಂಬಿಗ ಖಾಲಿ ದೋಣಿ ನಡೆಸುತ್ತ ಮಂಜಿನೊಳಗೆ ಹೊರಟ. ನಡುನೀರಿನಲ್ಲಿ ನಿಂತು, ತಿರುಗಿ ನಮ್ಮತ್ತ ನೋಡಿ, ಹೆಗಲ ಮೇಲಿನ ಟವೆಲು ಬೀಸಿದ.

ದೀದಿ ಎದ್ದೇ ಬಿಟ್ಟರು. "ಇವರು ತಿರುಗೋದೇ ಇಲ್ಲ! ನೂರು ಸಲ ನೋಡಿದೀನಿ," ಎಂದರು ಹಿಂದಿಯಲ್ಲಿ.

"ನೂರು ಸಲ ನೋಡಿದ್ದನ್ನೇ ದೀದಿ, ಮನಸ್ಸು ತಪ್ಪಾಗಿ ನೆನಪಿಟ್ಕೊಳ್ಳೋದು," ಎಂದೆ.

"ಕೊಂಜ ಬಾಯ್ಮುಚ್ಚೇ, ಇದೇನ್ ನಿನ್ ಡಿಬೇಟಾ? ಅಲ್ಲಿ ಆ ಮನುಷ್ಯ ಎದೆ ಕೊಯ್ಸಿಕೊಂಡು ಮಲಗಿದಾನೆ," ಎಂದು ಅಮ್ಮ ತಮಿಳು ಬೆರೆಸಿ ಗದರಿದಳು.

ವಾದ ಗೆಲ್ಲಲೆಂದೇ ರಿವೈಂಡ್ ಮಾಡಿದೆ. ಅಂಬಿಗ ತಿರುಗಲಿಲ್ಲ. ಇನ್ನೊಮ್ಮೆ ಹಾಕಿದೆ. ಬೆನ್ನು, ಮಂಜು, ಅಷ್ಟೇ. "ಟವೆಲು ಬೀಸಿದ್ದು ನಾನೂ ಕಂಡೆ ಕಣೇ," ಎಂದು ಅಮ್ಮ ಟೀವಿ ಆರಿಸಿದಳು. ಅದು ಗಂಡ ಬೀಳ್ಕೊಳ್ಳುವ ಸನ್ನೆಯೇ ಎಂದು ದೀದಿ ಅಳತೊಡಗಿದರು. ಫೋನ್ ಬಡಿದುಕೊಂಡಾಗ ಅವರು ಕೈ ಚಾಚಲಿಲ್ಲ. ನಾನೇ ಎತ್ತಿದೆ. ಆಪರೇಷನ್ ಚೆನ್ನಾಗಿ ಆಗಿತ್ತು.

ಎರಡು ವಾರದ ಮೇಲೆ ಮನೆಗೆ ಬಂದ ದೀದಿಯ ಗಂಡನಿಗೆ ಇದನ್ನು ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. "ಮೊದಲನೇ ಟೇಕಲ್ಲಿ ತಿರುಗಿದ್ದೆ. ಯಾರೋ ಕರೆದ ಹಾಗಾಯ್ತು, ಟವೆಲು ಬೀಸಿದೆ. ನಿರ್ದೇಶಕ ಉಗಿದು ಮತ್ತೆ ತೆಗೆದ. ಉಗಿಸಿಕೊಂಡದ್ದನ್ನ ಹೆಂಡತಿಗೆ ಹೇಳೋಕಾಗುತ್ತಾ?"

ಪ್ರಸಾರವೇ ಆಗದ ತುಣುಕು ಟೀವಿಯಿಂದ ಇಳಿಸಿಕೊಂಡ ಕ್ಯಾಸೆಟ್ಟಿಗೆ ಬರುವಂತಿಲ್ಲ. ಆತಂಕದಲ್ಲಿ ಕಂಡ ಭ್ರಮೆ ಅನ್ನುತ್ತೀರಾ? ಮೂವರಿಗೂ ಒಂದೇ ಭ್ರಮೆಯೇ, ಅದೂ ಎಂದೋ ನಿಜವಾಗಿ ನಡೆದದ್ದರದ್ದು?

ಊರಿಗೆ ಹೊರಟಾಗ ದೀದಿ, "ನನಗೆ ಇವರೇ ಸಿಕ್ಕಿದಾರೆ, ಇದನ್ನ ನೀನಿಟ್ಕೋ," ಎಂದು ಕ್ಯಾಸೆಟ್ ಕೈಗಿಟ್ಟರು. ನಮ್ಮ ವಿಸಿಆರ್ ಇನ್ನೂ ಚೆನ್ನಾಗಿಯೇ ಓಡುತ್ತದೆ. ನಾನು ಮಾತ್ರ ಅದನ್ನು ಮತ್ತೆ ಹಾಕಿ ನೋಡಿಲ್ಲ.