ಓಡನ್‌ವಾಲ್ಡಿನಲ್ಲಿ ಮೂವತ್ತೆರಡು ಆವರ್ತ

ಕಲೆಯನ್ನು ನಾವು ಬಿಟ್ಟರೂ ಕಲೆ ನಮ್ಮನ್ನು ಬಿಡುವುದಿಲ್ಲ; ಎಂದೋ ಒಂದು ದಿನ ತಾನಾಗಿ ಬಂದು ಕೈ ಹಿಡಿದು ಕರೆದೊಯ್ಯುತ್ತದೆ. ನನ್ನ ವಿಷಯದಲ್ಲಿ ಅದು ಬಂದದ್ದು ಹೆಂಡತಿಯ ಬಲ ಮೊಣಕಾಲಿನ ಮೂಲಕ, ಮೂಳೆ ಡಾಕ್ಟರರ ಚೀಟಿಯ ಸಮೇತ.

ಕೂತೇ ಇದ್ದರೆ ಮೊಣಕಾಲೂ ಕೂತುಬಿಡುತ್ತದೆ ಎಂದು ಡಾಕ್ಟರರು ಎಚ್ಚರಿಸಿದ್ದರು. ಈಜು ಆಕೆಗೆ ಬಾರದು. ಸೈಕಲ್ಲು ನನಗೆ ಸೇರದು. ರಿಪೇರಿ ನನ್ನ ಪಾಲಿಗೆ ಬರುತ್ತದೆ. ಜರ್ಮನಿಯ ನಮ್ಮ ಊರಿನ ಸಂಜೆ ತರಗತಿಗಳ ಪಟ್ಟಿಯಲ್ಲಿ ಮಂಗಳವಾರಕ್ಕೆ ಜಾಗ ಉಳಿದಿದ್ದದ್ದು ಸ್ಕಾಟ್‌ಲ್ಯಾಂಡಿನ ಜನಪದ ನೃತ್ಯಕ್ಕೆ ಮಾತ್ರ. ಸೇರಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಮೊಣಕಾಲಿನ ಮಾತು ನಿಂತಿತು, ಹೆಜ್ಜೆಯ ಮಾತು ಶುರುವಾಯಿತು. ಕುಕ್ಕರ್ ಕೂಗುವುದನ್ನು ಕಾಯುತ್ತ ಅಡುಗೆಮನೆಯಲ್ಲಿ ತುದಿಗಾಲಿನ ಮೇಲೆ ನೆಗೆಯುತ್ತಿದ್ದಳು. ಅನ್ನ ಸರಿಯಾಗಿಯೇ ಆಗುತ್ತಿತ್ತು.

ಒಂದು ಜೂನಿನಲ್ಲಿ ಆಕೆ ಒಂದು ಹಾಳೆ ತಂದು ಮುಂದಿಟ್ಟಳು. ಓಡನ್‌ವಾಲ್ಡಿನ ಗುಡ್ಡಗಳ ನಡುವೆ ಒಂದು ವಸತಿ ಶಾಲೆ. ರಜೆಗೆ ಮಕ್ಕಳು ಮನೆಗೆ ಹೋದ ಮೇಲೆ ಒಂದು ವಾರ ಅಲ್ಲಿ ಸ್ಕಾಟಿಷ್ ಸಂಗೀತ ನೃತ್ಯಗಳ ಬೇಸಿಗೆ ಶಿಬಿರ. ಊಟ, ಹಾಸಿಗೆ ಅವರದು. ಹೊದಿಕೆ ನಮ್ಮದು.

"ರೀ, ಇಲ್ಲಿ ಪಿಟೀಲು ಕ್ಲಾಸೂ ಇದೆ."

"ಇರಲಿ."

"ನಿಮ್ಮದು ನೆಲಮಾಳಿಗೆಯಲ್ಲಿ ಎಷ್ಟು ವರ್ಷದಿಂದ ಮಲಗಿದೆ?"

"ಅದು ಕರ್ನಾಟಕ ಸಂಗೀತದ ಪಿಟೀಲು ಕಣೇ."

"ಅದು ಪಿಟೀಲಿಗೆ ಗೊತ್ತಾ?"

ಇಲ್ಲಿ ಒಂದು ತಪ್ಪೊಪ್ಪಿಗೆ ಅಗತ್ಯ. ಮೈಸೂರಿನಲ್ಲಿ ಹೆಣ್ಣು ನೋಡಲು ಹೋದ ದಿನ, ನನಗೆ ಪಿಟೀಲು ಬರುತ್ತದೆ, ಕಚೇರಿಯಲ್ಲೂ ನುಡಿಸಿದ್ದೇನೆ ಎಂದು ಹೇಳಿದ್ದೆ. ಸುಳ್ಳಲ್ಲ. ಒಮ್ಮೆ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ, ಬರಬೇಕಾದ ವಿದ್ವಾಂಸರು ಬರುವತನಕ ಇಪ್ಪತ್ತು ನಿಮಿಷ ನುಡಿಸಿದ್ದೆ. ಮದುವೆಯಾದ ಮೇಲೆ ಆಕೆ ಕೇಳಿದಾಗಲೆಲ್ಲ ಒಂದಲ್ಲ ಒಂದು ಅಡ್ಡಿ: ಮೊದಲು ಬಾಡಿಗೆ ಮನೆಯ ತೆಳು ಗೋಡೆ, ಆಮೇಲೆ ಮಗು, ಆಮೇಲೆ ಜರ್ಮನಿ, ಜರ್ಮನಿಯ ಮೇಲೆ ರೂಹೆಸೈಟ್, ಅಂದರೆ ಸದ್ದು ಮಾಡಬಾರದ ಹೊತ್ತು. ಸದ್ದು ಮಾಡಬಹುದಾದ ಹೊತ್ತಿನಲ್ಲಿ ನಾನು ಸೇಂಟ್ ಲಿಯೋನ್-ರೋಟ್‌ನ ಆಫೀಸಿನಲ್ಲಿರುತ್ತಿದ್ದೆ. ಹೀಗೆ ಇಪ್ಪತ್ತೆರಡು ವರ್ಷ ಆಕೆ ನನ್ನ ಪಿಟೀಲನ್ನು ಧೂಳು ಹೊಡೆಯಲಷ್ಟೇ ಮುಟ್ಟಿದ್ದಳು. ನುಡಿದದ್ದು ಒಂದು ಸಲವೂ ಕೇಳಿರಲಿಲ್ಲ.

"ಈ ಸಲವಾದರೂ ಕೇಳಿಸ್ತೀರಾ?" ಅಂದಳು. ಜೋರಾಗಿ ಅಂದಿದ್ದರೆ ನಿರಾಕರಿಸಬಹುದಿತ್ತು. ಮೆಲ್ಲಗೆ ಅಂದಳು. ಫಾರ್ಮಿಗೆ ಸಹಿ ಹಾಕಿದೆ.

ಶಿಬಿರದ ನಿಯಮ ಸರಳ. ಬೆಳಿಗ್ಗೆ ಎಲ್ಲರಿಗೂ ಪಾಠ. ಕೊನೆಯ ದಿನ ಶನಿವಾರ ಮಧ್ಯಾಹ್ನ ದೊಡ್ಡ ಹಾಲಿನಲ್ಲಿ ನೃತ್ಯ. ಕುಣಿಯಲು ಬಂದವರೆಲ್ಲ ಕುಣಿಯಬಹುದು. ನುಡಿಸಲು ಬಂದವರಲ್ಲಿ ಯಾರು ವಾದ್ಯವೃಂದದಲ್ಲಿ ಕೂರಬೇಕೆಂಬುದನ್ನು ಮಾತ್ರ ಗುರುವರ್ಯರು ಗುರುವಾರ ನಿರ್ಧರಿಸುತ್ತಾರೆ. ಆಕೆಗೆ ಕೇಳಿಸಬೇಕಾದರೆ ನನಗೆ ಅಲ್ಲಿ ಜಾಗ ಸಿಗಬೇಕು. ಮಲಗುವ ಕೋಣೆಯಲ್ಲಿ ಕೇಳಿಸೋಣವೆಂದರೆ ಮಂಚದ ಮೇಲೊಂದು ಮಂಚ. ಪಿಟೀಲನ್ನು ನೆಟ್ಟಗೆ ಹಿಡಿದರೆ ಕಮಾನು ಮೇಲಿನ ಹಲಗೆಗೆ ತಾಗುತ್ತಿತ್ತು.

ಮೊದಲ ದಿನದ ಊಟದ ಸಾಲಿನಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು.

"ಏನ್ರೀ ಸರ, ಕುಣೀಲಿಕ್ಕೆ ಬಂದೀರೋ, ಬಾರಸ್ಲಿಕ್ಕೆ ಬಂದೀರೋ?"

ಹ್ಯಾನೋವರಿನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯ ಎಂಜಿನಿಯರು, ಮೂಲತಃ ಹುಬ್ಬಳ್ಳಿಯವರು. ಮೂರು ವರ್ಷದಿಂದ ಈ ನೃತ್ಯದ ಹುಚ್ಚು. ಸ್ಕಾಟ್‌ಲ್ಯಾಂಡಿನ ಗಂಡಸರು ಉಡುವ ನೆರಿಗೆ ಲಂಗವನ್ನೇ ಉಟ್ಟಿದ್ದರು, ಆದರೆ ಬಟ್ಟೆ ಎಲ್ಲೋ ಕಂಡಂತಿತ್ತು.

"ಇಳಕಲ್ ಚೌಕಳಿ ಸೀರಿ ಸರ, ನಮ್ಮವ್ವಂದು. ಇವರಲ್ಲಿ ಮನಿತನಕ್ಕೊಂದು ಚೌಕಳಿ ಇರತೈತಂತ. ನಮ್ಮ ಮನಿತನದ್ದು ಇದ."

"ನಾನು ಪಿಟೀಲು ನುಡಿಸಲಿಕ್ಕೆ ಬಂದಿದ್ದೇನೆ," ಅಂದೆ.

"ಹಂಗಾದ್ರ ಊಟಕ್ಕ ಲಗೂನ ಬರ್ರಿ. ಕುಣಿಯೋರಿಗೆ ಹಸಿವು ಭಾಳ. ಬಾರಸೋರಿಗೆ ಉಳಿಯೂದು ಬರೇ ಆಲೂಗಡ್ಡಿ."

ಅದು ನಿಜವೆಂದು ಮಂಗಳವಾರವೇ ಸಾಬೀತಾಯಿತು. ನನ್ನ ಹೆಂಡತಿಗೆ ಜೊತೆಗಾರ ಬೇಕಿತ್ತು, ಇವರಿಗೂ ಬೇಕಿತ್ತು. "ಅಕ್ಕಾರ, ನಾವಿಬ್ಬರೂ ಒಂದು ಜೋಡಿ ಆಗೂಣು. ಮಾತಾಡಿದ್ರ ಯಾರಿಗೂ ತಿಳಿಯಂಗಿಲ್ಲ," ಅಂದರು. ಆ ಅನುಕೂಲದ ಬೆಲೆ ನನಗೆ ಆಮೇಲೆ ತಿಳಿಯಿತು.

ಪಿಟೀಲಿನ ಗುರುಗಳು ಸ್ಕಾಟ್‌ಲ್ಯಾಂಡಿನ ಒಂದು ದ್ವೀಪದಿಂದ ಬಂದ ನರೆಗೂದಲಿನ ಹೆಂಗಸು. ಹೆಚ್ಚು ಮಾತಿಲ್ಲ. ಪುಸ್ತಕ, ಕಾಗದ ಏನೂ ಇಲ್ಲ; ಅವರು ಒಂದು ತುಣುಕು ನುಡಿಸುತ್ತಾರೆ, ನಾವು ಕೇಳಿ ಒಪ್ಪಿಸಬೇಕು. ನನಗೆ ಮೈಸೂರಿನ ನನ್ನ ಮೇಷ್ಟರ ಮನೆಗೇ ಹೋದಂತಾಯಿತು, ತಲೆಯ ಮೇಲಿನ ಮೊಟಕು ಒಂದನ್ನು ಬಿಟ್ಟು. ಉಳಿದ ಹತ್ತು ಜನ ನಿಂತು, ಗದ್ದದ ಕೆಳಗೆ ಪಿಟೀಲಿಟ್ಟು ನುಡಿಸುತ್ತಿದ್ದರು. ನಾನು ಯೋಗದ ಚಾಪೆಯೊಂದನ್ನು ಎರವಲು ಪಡೆದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟೆ. ಪಕ್ಕದಲ್ಲಿದ್ದ ಔಷಧಿ ಅಂಗಡಿಯ ಜರ್ಮನ್ ಮಹಿಳೆ ನನಗೆ ಬೆನ್ನುನೋವಿದೆಯೆಂದು ತಿಳಿದು ವಾರವಿಡೀ ಮುಲಾಮಿನ ಸಲಹೆ ಕೊಟ್ಟರು.

ಮೊದಲ ಹಾಡು ಕೇಳಿದೊಡನೆ ನಾನು ಇದು ಮೋಹನ ರಾಗ ಎಂದು ತರಗತಿಗೆ ಘೋಷಿಸಿದೆ. ತರಗತಿ ಅದನ್ನು ಶಾಂತವಾಗಿ ಸ್ವೀಕರಿಸಿತು. ಮೋಹನದ ಗಾಂಧಾರವನ್ನು ಸುಮ್ಮನೆ ನಿಲ್ಲಿಸುವುದು ನನ್ನ ಬೆರಳಿಗೆ ಬಾರದು, ತುಸು ತೂಗಿಸಿದೆ.

"ಆ ತೂಗಾಟ ಬಹಳ ಚೆನ್ನಾಗಿದೆ," ಅಂದರು ಗುರುಗಳು. "ದಯವಿಟ್ಟು ಬೇಡ."

ಎರಡು ದಿನದಲ್ಲಿ ತೂಗಾಟ ನಿಂತಿತು. ಕಷ್ಟವಾದದ್ದು ಇನ್ನೊಂದು. ನಮ್ಮಲ್ಲಿ ಒಂದು ಸಾಲು ಚೆನ್ನಾಗಿ ಬಂದರೆ ಅದನ್ನೇ ಮತ್ತೆ ನುಡಿಸುವುದು ಪದ್ಧತಿ. ಕೇಳುವವರು 'ಭೇಷ್' ಅಂದಮೇಲಂತೂ ನುಡಿಸದಿದ್ದರೆ ಮರ್ಯಾದೆಯಲ್ಲ. ಇವರಲ್ಲಿ ಹಾಡಿಗೆ ಎರಡೇ ಭಾಗ, ಒಂದೊಂದೂ ತಾಳದ ಎಂಟು ಆವರ್ತ. ಮೊದಲನೆಯದು ಎರಡು ಸಲ, ಎರಡನೆಯದು ಎರಡು ಸಲ. ಒಟ್ಟು ಮೂವತ್ತೆರಡು ಆವರ್ತ, ಅದು ಒಂದು ಸುತ್ತು. ಒಂದು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಏಕೆಂದರೆ ಕುಣಿಯುವವರು ಪ್ರತಿ ಆವರ್ತಕ್ಕೂ ಒಂದು ಜಾಗದಲ್ಲಿರಬೇಕು. ನಾನು ಬುಧವಾರದವರೆಗೆ ಮೊದಲ ಭಾಗವನ್ನು ಮೂರು ಸಲ ನುಡಿಸುತ್ತಲೇ ಇದ್ದೆ.

"ಮೂರನೆಯ ಸಲ ನಿಮ್ಮದು ಇನ್ನೂ ಚೆನ್ನಾಗಿರುತ್ತದೆ, ಒಪ್ಪುತ್ತೇನೆ," ಅಂದರು ಗುರುಗಳು. "ಆದರೆ ಅಷ್ಟು ಹೊತ್ತಿಗೆ ಕುಣಿಯುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಿರುತ್ತಾರೆ."

ಗುರುವಾರ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಎಂಟು ಸುತ್ತು ನುಡಿಸಿದೆ, ಎಂಟೂ ಗಣಿತದಷ್ಟು ಸರಿ. ಅವರು ತುಸು ಯೋಚಿಸಿ, ಶನಿವಾರದ ಕೊನೆಯ ನೃತ್ಯಕ್ಕೆ ನನ್ನನ್ನು ವೃಂದದಲ್ಲಿ ಕೂರಿಸುವುದಾಗಿ ಹೇಳಿದರು. ಅಷ್ಟೇ ಅಲ್ಲ, ಏಳನೆಯ ಸುತ್ತಿನಲ್ಲಿ ಉಳಿದವರು ಕಮಾನು ಇಳಿಸುತ್ತಾರೆ. ಪಿಯಾನೋ ಮತ್ತು ನಾನು ಮಾತ್ರ.

ಸುದ್ದಿಯನ್ನು ಹೆಂಡತಿಗೆ ಮುಟ್ಟಿಸಿದೆ. ಪಾತ್ರೆ ತೊಳೆಯುವ ಪಾಳಿಯಲ್ಲಿದ್ದಳು. ಕೈಯಲ್ಲಿದ್ದ ತಟ್ಟೆಯನ್ನು ಎರಡು ಸಲ ಒರೆಸಿದಳು.

"ಏಳನೇ ಸುತ್ತು ನಮ್ಮದೇ ರೀ."

"ಹೇಗೆ?"

"ಗುಂಪಿಗೆ ನಾಲ್ಕು ಜೋಡಿ. ಒಂದೊಂದು ಜೋಡಿ ಎರಡೆರಡು ಸುತ್ತು ಮುಂದೆ ನಿಂತು ಕುಣಿಯತ್ತೆ. ನಾವು ನಾಲ್ಕನೆಯವರು. ಏಳು, ಎಂಟು ನಮ್ಮದು." ಆಮೇಲೆ, "ಸುಮ್ಮನೆ ನೇರವಾಗಿ ನುಡಿಸಿ. ನನ್ನ ಮಂಡಿ ಎಣಿಸಿಕೊಂಡೇ ನಡೆಯೋದು," ಅಂದಳು. ಮುಖದಲ್ಲಿ ಸಂತೋಷವಿತ್ತು. ಅದನ್ನು ನಾನು ಕಂಡಿಲ್ಲವೆಂಬಂತೆ ಇನ್ನೊಂದು ಟವೆಲು ಹುಡುಕಲು ಹೋದೆ.

ಶನಿವಾರ ಮಧ್ಯಾಹ್ನ ಮೂರು ಗಂಟೆ. ಹೊರಗೆ ಮೂವತ್ತನಾಲ್ಕು ಡಿಗ್ರಿ. ಜರ್ಮನ್ನರು ಫ್ಯಾನನ್ನು ನೈತಿಕ ದೌರ್ಬಲ್ಯವೆಂದು ಭಾವಿಸುವುದರಿಂದ ಹಾಲಿನಲ್ಲಿ ಕಿಟಕಿಗಳನ್ನು ತೆರೆದಿಟ್ಟಿದ್ದರು, ಅಷ್ಟೆ. ನಾನು ಪಿಯಾನೋದ ಪಕ್ಕ ಚಾಪೆ ಹಾಸಿ ಕೂತೆ. ಐದು ಗುಂಪುಗಳು ಸಾಲಾಗಿ ನಿಂತವು. ನನ್ನ ಹೆಂಡತಿಯದು ಪಿಯಾನೋಗೆ ಹತ್ತಿರದ ಗುಂಪು. ಒಂದರಿಂದ ಆರನೆಯ ಸುತ್ತಿನವರೆಗೆ ವರದಿ ಮಾಡುವಂಥದ್ದೇನೂ ಇಲ್ಲ.

ಏಳನೆಯ ಸುತ್ತು. ಕಮಾನುಗಳು ಇಳಿದವು. ನನ್ನ ನಾದ ಆ ಹಾಲಿನಲ್ಲಿ ಒಂಟಿಯಾಗಿ ನಿಂತಿತು. ಮೊದಲ ಭಾಗ ಒಂದು ಸಲ ಆಯಿತು. ಎರಡನೆಯ ಸಲ ಗಾಂಧಾರ ಎಷ್ಟು ನೇರವಾಗಿ, ಎಷ್ಟು ತುಂಬಿ ಬಂತೆಂದರೆ, ಅಂಥದ್ದು ನನ್ನ ಕೈಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಆಗಲೇ ಹುಬ್ಬಳ್ಳಿಯವರು ನನ್ನ ಹೆಂಡತಿಯ ಕೈ ಹಿಡಿದು ಪಿಯಾನೋದ ಮುಂದೆ ಹಾದುಹೋಗುತ್ತಿದ್ದರು. ಧಾರವಾಡದ ಸೀಮೆಯಲ್ಲಿ ಸಂಗೀತ ಕೇಳುತ್ತ ಬೆಳೆದವರು; ಅವರ ಬಾಯಿ ಅವರ ಮಾತು ಕೇಳುವುದಿಲ್ಲ.

"ವಾಹ್ ಸರ! ಕ್ಯಾ ಬಾತ್!"

ನಾನು ತಲೆಯಾಡಿಸಿದೆ, ಮತ್ತು ಅದೇ ಸಾಲನ್ನು ಮೂರನೆಯ ಸಲ ನುಡಿಸಿದೆ.

ಪಿಯಾನೋ ಎರಡನೆಯ ಭಾಗಕ್ಕೆ ಹೋಗಿಯಾಗಿತ್ತು. ಹಾಲಿನಲ್ಲಿ ಅರ್ಧ ಜನ ಪಿಯಾನೋವನ್ನು ನಂಬಿದರು, ಅರ್ಧ ಜನ ನನ್ನನ್ನು. ಮೂರನೆಯ ಗುಂಪಿನಲ್ಲಿ ಔಷಧಿ ಅಂಗಡಿಯವರ ಗಂಡ ಯಾರದೋ ಭುಜಕ್ಕೆ ಹೊಡೆದು ಕ್ಷಮೆ ಕೇಳುತ್ತ ನಿಂತರು. ಇನ್ನೊಂದರಲ್ಲಿ ಕೈಕೈ ಹಿಡಿದು ಸುತ್ತುತ್ತಿದ್ದವರು ಎರಡು ದಿಕ್ಕಿಗೆ ಎಳೆದಾಡಿ ಬಿಟ್ಟುಬಿಟ್ಟರು. ಗುರುಗಳು ತಮ್ಮ ಕಮಾನಿನಿಂದ ನನ್ನ ಭುಜವನ್ನು ಮೃದುವಾಗಿ ಒಮ್ಮೆ ಮುಟ್ಟಿ, ತಾವೇ ಎರಡನೆಯ ಭಾಗವನ್ನು ಎತ್ತಿಕೊಂಡರು. ನಾನು ನಿಲ್ಲಿಸಿದೆ. ಆ ಹೊತ್ತಿಗೆ ನಾಲ್ಕು ಗುಂಪುಗಳು ನಿಂತಿದ್ದವು. ನಡೆಯುತ್ತಿದ್ದದ್ದು ನನ್ನ ಹೆಂಡತಿಯದೊಂದೇ. "ಐದು, ಆರು, ಏಳು, ಎಂಟು," ಎನ್ನುತ್ತ ಆಕೆ ಹುಬ್ಬಳ್ಳಿಯವರನ್ನು ಎಳೆದುಕೊಂಡು ಇಡೀ ಸುತ್ತು ಮುಗಿಸಿದಳು. ಎಂಟನೆಯ ಸುತ್ತನ್ನು ವೃಂದ ನಾನಿಲ್ಲದೆ ನುಡಿಸಿತು.

ಮೊದಲು ಬಂದವರು ಹುಬ್ಬಳ್ಳಿಯವರು. "ತಪ್ಪು ನಂದ ಸರ. ವಾಹ್ ಅನಬಾರದಾಗಿತ್ತು. ಆದ್ರ ಅನಲಾರದ ಹೆಂಗ ಇರೂದು ಹೇಳ್ರಿ?"

"ತಪ್ಪು ನಿಮ್ಮದಲ್ಲ. ನೀವು ಒಂದೇ ಸಲ ಅಂದಿರಿ."

ಹೆಂಡತಿ ಸೆರಗಿಲ್ಲದ ಉಡುಪಿನಲ್ಲಿ ಸೆರಗು ಹುಡುಕಿ, ಸಿಗದೆ, ಅಂಗೈಯಿಂದ ಬೆವರು ಒರೆಸಿಕೊಳ್ಳುತ್ತ ಬಂದಳು. ನಾನು ಪಿಟೀಲನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ.

"ಹೇಗಿತ್ತು?" ಅಂದೆ.

"ಯಾವುದು?"

"ನಾನು ನುಡಿಸಿದ್ದು."

"ಅಯ್ಯೋ, ನಾನೆಲ್ಲಿ ಕೇಳಿದೆ ರೀ? ಎಣಿಸ್ತಾ ಇದ್ದೆನಲ್ಲ."

ನಾನು ಪೆಟ್ಟಿಗೆಯ ಕೊಂಡಿ ಹಾಕಿದೆ. ಆಮೇಲೆ ಹೊದಿಕೆಗಳನ್ನು ಮಡಚಲು ಕೋಣೆಗೆ ಹೋದೆವು. ಐದು ಗಂಟೆಗೆ ಕೀಲಿ ಒಪ್ಪಿಸಬೇಕಿತ್ತು.

ಮರುವರ್ಷದ ಶಿಬಿರಕ್ಕೂ ಅರ್ಜಿ ಹಾಕಿದೆವು. ಉತ್ತರ ಫೆಬ್ರವರಿಯಲ್ಲಿ ಬಂತು. ಆಕೆಯನ್ನು ಎರಡನೆಯ ಹಂತದ ನೃತ್ಯಕ್ಕೆ ಹಾಕಿದ್ದರು, ನನ್ನನ್ನು ಮತ್ತೆ ಮೊದಲನೆಯ ಹಂತದ ಪಿಟೀಲಿಗೆ.