ಹಲಗೆ ಬಡಿದ ಕುರ್ಚಿ

ಓದುಗರ ಗಮನಕ್ಕೆ ತರಲೇಬೇಕಾದ ಗಂಭೀರ ಸಂಗತಿಯೊಂದಿದೆ: ಉಗ್ರಾಣ ಸೇರಿದ್ದ ಮರದ ಕುರ್ಚಿಯೊಂದು ತನ್ನ ಜಾಗಕ್ಕೆ ಮರಳಿದೆ.

ಬೆಳಗಿನ ಆರೂವರೆ. ಬೀದಿದೀಪ ಇನ್ನೂ ಆರಿಲ್ಲ, ಚಿಕಿತ್ಸಾಲಯದ ಮೆಟ್ಟಿಲ ಮೇಲೆ ಆಗಲೇ ಹತ್ತಾರು ಜನ. ಒಳಗೆ ಪಟ್ಟಿ ಅಕ್ಕ ಆ ಕುರ್ಚಿಯನ್ನು ಒರೆಸುತ್ತಿದ್ದಾರೆ. ತೋಳಿಗೆ ಬಿ.ಪಿ. ಪಟ್ಟಿ ಸುತ್ತುವುದೇ ಇಪ್ಪತ್ತೊಂಬತ್ತು ವರ್ಷಗಳ ಕೆಲಸವಾದ್ದರಿಂದ ಈ ಹೆಸರು. ಕೆಮ್ಮೆಂದು ಬಂದವರಿಗೂ ಕಾಲುಳುಕೆಂದು ಬಂದವರಿಗೂ ಮೊದಲು ಪಟ್ಟಿ. ದಿನಕ್ಕೆ ಎಪ್ಪತ್ತು ತೋಳು.

"ಐದು ನಿಮಿಷ ಬಾಯಿಗೆ ಬೀಗ ಅಜ್ಜಿ. ಸೊಸೆ ಸುದ್ದಿ ಹೇಳಿದ್ರೆ ಹತ್ತು ಏರುತ್ತೆ."

"ಹೇಳ್ದೆ ಇದ್ರೆ ಇಪ್ಪತ್ತು ಏರುತ್ತಲ್ಲೇ!"

ಅಕ್ಕ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಗಂಡ ಮೂವತ್ತೆಂಟನೆಯ ವಯಸ್ಸಿಗೆ ಲಕ್ವ ಹೊಡೆದು ತೀರಿಕೊಂಡಿದ್ದರು. "ಒಂದು ದಿನ ತಲೆನೋವು ಅಂದವರಲ್ಲ. ಒಬ್ಬರೂ ಅವರ ತೋಳು ಮುಟ್ಟಿ ನೋಡಿರ್ಲಿಲ್ಲ."

ಪಟ್ಟಿ ಕಟ್ಟಲು ಕಲಿಸಿದವರು ಹಳೆಯ ಡಾಕ್ಟರು. ಪಾದರಸದ ಕಾಲವದು. ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಗಾಜಿನ ಕೊಳವೆ, ರಬ್ಬರ್ ಬುರುಡೆ ಒತ್ತಿದಷ್ಟೂ ಮೇಲೇರುವ ಬೆಳ್ಳಿಗೆರೆ. ಅದು ಇಳಿಯುವಾಗ ಇಡೀ ಕೋಣೆ ಉಸಿರು ಬಿಗಿಹಿಡಿಯುತ್ತಿತ್ತಂತೆ. ಕುರ್ಚಿಯ ಕೈಗೆ ಹಲಗೆ ಬಡಿಸಿ ಎತ್ತರಿಸಿದವರೂ ಅವರೇ. "ತೋಳು ಎದೆಮಟ್ಟಕ್ಕೆ ಇರ್ಬೇಕಮ್ಮ, ಬೆನ್ನಿಗೆ ಆಸರೆ ಇರ್ಬೇಕು, ಇಲ್ದಿದ್ರೆ ಹೆಚ್ಚು ತೋರಿಸುತ್ತೆ ಅಂತಿದ್ರು, ಪುಣ್ಯಾತ್ಮ." ಹಲಗೆಯ ಮೇಲೆ ಈಗ ಸಾವಿರಾರು ಮೊಣಕೈಗಳ ನುಣುಪಿದೆ.

ಎರಡು ತಿಂಗಳ ಹಿಂದೆ ಕೋಣೆಗೆ ಸುಣ್ಣ ಬಳಿದರು. ಕುರ್ಚಿ ಹೋಗಿ ಒರಗಿಲ್ಲದ, ಕೈಯಿಲ್ಲದ ಪ್ಲಾಸ್ಟಿಕ್ ಸ್ಟೂಲು ಬಂತು. ಹದಿನೈದೇ ದಿನದಲ್ಲಿ ಹತ್ತೊಂಬತ್ತು ಜನರಿಗೆ ಹೊಸದಾಗಿ ಬಿ.ಪಿ. ಅವರಲ್ಲೊಬ್ಬ ಶಾಲಾ ಬಸ್ಸಿನ ಚಾಲಕ: ನೂರ ಐವತ್ತೆಂಟು. ಬಿ.ಪಿ. ಇಳಿಯುವವರೆಗೂ ಸ್ಟೀರಿಂಗ್ ಮುಟ್ಟಕೂಡದೆಂದು ಶಾಲೆಯವರ ಅಪ್ಪಣೆಯಾಯಿತು.

ಅಕ್ಕನಿಗೆ ಸ್ಟೂಲಿನ ಮೇಲೆ ಗುಮಾನಿ. ಜೋತುಬಿದ್ದ ತೋಳುಗಳನ್ನು ನೋಡಿ ನೋಡಿ ತಡೆಯಲಾರದೆ ಉಗ್ರಾಣದಿಂದ ಕುರ್ಚಿ ಎಳೆದು ತಂದರು. ಕಿರಿಯ ಡಾಕ್ಟರು ಮೊದಲು ನಕ್ಕರು. ಒಬ್ಬರನ್ನೇ ಎರಡರಲ್ಲೂ ಕೂರಿಸಿ ಅಳೆದಾಗ ಸ್ಟೂಲಿನ ಮೇಲೆ ಹೆಚ್ಚು ತೋರಿಸಿದ್ದು ಕಂಡು ನಗು ನಿಲ್ಲಿಸಿ, ಹತ್ತೊಂಬತ್ತು ಮಂದಿಗೂ ಹೇಳಿಕಳಿಸಿದರು.

ಚಾಲಕನೇ ಮೊದಲು ಓಡಿಬಂದ. ಮೂರು ದಿನ ಕುರ್ಚಿಯಲ್ಲಿ ಕೂತ. ನೂರ ಐವತ್ತು, ನೂರ ನಲವತ್ತೆಂಟು, ಮತ್ತೆ ನೂರ ಐವತ್ತು.

"ಅಕ್ಕಾ, ಒಂಚೂರು ಇಳಿಸಿ ಬರೀರಿ. ನಿಮ್ಮ ಕೈಲೇ ಇದೆ."

"ನನ್ನ ಕೈಲಿರೋದು ಪೆನ್ನು ಕಣಪ್ಪ. ಬರೆಸೋದು ನಿನ್ನ ತೋಳು."

"ನಂಗೇನೂ ಆಗಿಲ್ಲ, ಕಲ್ಲುಗುಂಡಿನಂಗಿದೀನಿ."

"ನಮ್ಮನೆಯವರೂ ಹಾಗೇ ಅಂತಿದ್ರು."

ಚಾಲಕ ಮಾತ್ರೆಯ ಚೀಟಿ ಜೇಬಿಗಿಟ್ಟುಕೊಂಡ.

ಬರುವ ವರ್ಷ ಅಕ್ಕನ ನಿವೃತ್ತಿ. ಹಾರ ತುರಾಯಿ ಬೇಡವಂತೆ. "ಈ ಕುರ್ಚೀನ ಮತ್ತೆ ಯಾರೂ ಎತ್ತಾಕದಿದ್ರೆ ಸಾಕು" ಎನ್ನುತ್ತಾ ಮುಂದಿನ ತೋಳಿಗೆ ಪಟ್ಟಿ ಸುತ್ತುತ್ತಾರೆ.

ಹತ್ತೊಂಬತ್ತರಲ್ಲಿ ಎಂಟು ಜನರಿಗೆ ಬಿ.ಪಿ. ಇರಲಿಲ್ಲ. ಹನ್ನೊಂದು ಜನರಿಗೆ ಇತ್ತು. ಮಾತ್ರೆ ಶುರುವಾದ ಮೇಲೆ ಚಾಲಕನ ಇತ್ತೀಚಿನ ಅಳತೆ ನೂರ ಇಪ್ಪತ್ತೆಂಟು. ಸೋಮವಾರದಿಂದ ಆತನೇ ಬಸ್ಸು ಓಡಿಸುತ್ತಿದ್ದಾನೆ.